ಎರಡು ಲಕ್ಷದ ಗ್ರಾಫಿಕ್ಸ್ ಕಾರ್ಡ್: ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ಅನಿಮೇಷನ್, ದೃಶ್ಯ ಪರಿಣಾಮ ಹಾಗೂ ಕಂಪ್ಯೂಟರ್ ಆಟಗಳ ಉದ್ದಿಮೆಯು ಬೆಂಗಳೂರಿನಲ್ಲಿ ಬೇರೂರಿದೆ. ಈ ಕ್ಷೇತ್ರಕ್ಕೆಂದೇ ರಾಜ್ಯ ಸರ್ಕಾರವು 2024ರಿಂದ 2029ರ ಅವಧಿಗೆ ತನ್ನ ಮೂರನೆಯ ನೀತಿಯನ್ನು ರೂಪಿಸಿದೆ. ದೊಡ್ಡ ಸಂಸ್ಥೆಗಳ ಜೊತೆಗೆ ನಾಲ್ಕಾರು ಮಂದಿ ಸೇರಿ ನಡೆಸುವ ಸಣ್ಣ ಘಟಕಗಳೂ ಇಲ್ಲಿವೆ. ಅಂತಹ ಘಟಕಕ್ಕೆ ಯಂತ್ರೋಪಕರಣವೆಂದರೆ ಗಣಕಯಂತ್ರ. ಅದರೊಳಗಿನ ಅತ್ಯಂತ ದುಬಾರಿ ಬಿಡಿಭಾಗವೆಂದರೆ ಗ್ರಾಫಿಕ್ಸ್ ಕಾರ್ಡ್. ಇದರ ಖರೀದಿಯನ್ನು ತಂತ್ರಜ್ಞರ ಇಚ್ಛೆಗೇ ಬಿಟ್ಟುಬಿಡುವ ವಾಡಿಕೆಯನ್ನು ಮಾಲೀಕರು ಪುನರ್ವಿಮರ್ಶಿಸುವುದು ಒಳ್ಳೆಯದು.

ಅಮೆರಿಕದ ಎನ್ವಿಡಿಯಾ ಸಂಸ್ಥೆಯು 2025ರ ಜನವರಿಯಲ್ಲಿ ಮಾರುಕಟ್ಟೆಗೆ ತಂದ ಜಿಫೋರ್ಸ್ ಆರ್‌ಟಿಎಕ್ಸ್ 5090 ಕಾರ್ಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಭಾರತದಲ್ಲಿ ಅದರ ಘೋಷಿತ ಆರಂಭಿಕ ಬೆಲೆ ರೂ. 2,14,000. ಬಿಡುಗಡೆಯ ನಂತರದ ತಿಂಗಳುಗಳಲ್ಲಿ ಅಂಗಡಿಗಳಲ್ಲಿ ಆ ಬೆಲೆಗೆ ಅದು ದೊರೆತದ್ದು ವಿರಳವೆಂಬುದು ಬೇರೆ ಮಾತು.

2022ರಲ್ಲಿ ಬಂದ ಹಿಂದಿನ 4090 ಮಾದರಿಗೆ ಅಮೆರಿಕದಲ್ಲಿ 1,599 ಡಾಲರ್ ನಿಗದಿಯಾಗಿತ್ತು; 5090ಕ್ಕೆ 1,999 ಡಾಲರ್. ಏರಿಕೆ ಶೇ. 25. ವಿದ್ಯುತ್ ಬಳಕೆಯ ಮಿತಿ 450 ವ್ಯಾಟ್‌ನಿಂದ 575 ವ್ಯಾಟ್‌ಗೆ, ಅಂದರೆ ಶೇ. 28ರಷ್ಟು ಹೆಚ್ಚಿದೆ. ಸ್ವತಂತ್ರ ಪರೀಕ್ಷೆಗಳಲ್ಲಿ 4ಕೆ ಪರದೆಯ ಮೇಲೆ ಆಟಗಳ ವೇಗವು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಅಧಿಕವೆಂದು ಕಂಡುಬಂದಿತು. ವೇಗ, ಬೆಲೆ, ವಿದ್ಯುತ್ ಮೂರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿರುವುದರಿಂದ, ಒಂದು ರೂಪಾಯಿಗೆ ದೊರೆಯುವ ವೇಗದಲ್ಲಿ ಹೇಳಿಕೊಳ್ಳುವಂಥ ಪ್ರಗತಿಯೇನೂ ಆಗಿಲ್ಲ.

ಹಾಗಾದರೆ ಜಾಹೀರಾತುಗಳಲ್ಲಿ ಕಾಣುವ ದುಪ್ಪಟ್ಟು ವೇಗದ ಮಾತು ಎಲ್ಲಿಂದ ಬಂತು? ಈ ಶ್ರೇಣಿಯ ಕಾರ್ಡುಗಳು ತಾವು ನಿಜವಾಗಿ ರಚಿಸಿದ ಪ್ರತಿಯೊಂದು ಚಿತ್ರದ ಜೊತೆಗೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ 2025ರ ಬಿಡುಗಡೆಯ ವೇಳೆಗೆ ಇನ್ನೂ ಮೂರು ಚಿತ್ರಗಳವರೆಗೆ ಊಹಿಸಿ ಸೇರಿಸಬಲ್ಲವಾಗಿದ್ದವು. 549 ಡಾಲರ್ ಬೆಲೆಯ 5070 ಕಾರ್ಡು 4090ಕ್ಕೆ ಸರಿಸಮವೆಂದು ಸಂಸ್ಥೆಯ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ಅವರು ಸಾರಿದ್ದು ಈ ಊಹೆಯ ಚಿತ್ರಗಳನ್ನೂ ಎಣಿಕೆಗೆ ಸೇರಿಸಿಕೊಂಡೇ. ಆಟಗಾರನ ಕಣ್ಣಿಗೆ ಚಲನೆ ನಯವಾಗಿ ಕಾಣುವುದು ನಿಜ. ಆದರೆ ಗುಂಡಿ ಒತ್ತಿದಾಗ ಯಂತ್ರ ಸ್ಪಂದಿಸುವ ಕಾಲ ಅದರಿಂದ ಕಡಿಮೆಯಾಗದು. ಗಿರಾಕಿಗೆ ಒಪ್ಪಿಸಬೇಕಾದ ಅನಿಮೇಷನ್ ದೃಶ್ಯದ ರೆಂಡರಿಂಗ್‌ಗಂತೂ ಈ ಸೌಲಭ್ಯದಿಂದ ಪ್ರಯೋಜನವಿಲ್ಲ. ಕೈಗೆ ಬಂದ ಹಣಕ್ಕೂ ಬರಬಹುದಾದ ಹಣಕ್ಕೂ ಇರುವ ಅಂತರವನ್ನು ಬಲ್ಲ ವರ್ತಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

5090ರ ನಿಜವಾದ ವಿಶೇಷವಿರುವುದು ಸ್ಮರಣಕೋಶದಲ್ಲಿ. 24 ಗಿಗಾಬೈಟ್ ಇದ್ದದ್ದು 32 ಗಿಗಾಬೈಟ್ ಆಗಿದೆ. ದತ್ತಾಂಶ ಸಾಗುವ ವೇಗ ಸೆಕೆಂಡಿಗೆ 1,008 ಗಿಗಾಬೈಟ್‌ನಿಂದ 1,792ಕ್ಕೆ ಜಿಗಿದಿದೆ. ರೆಂಡರ್ ಮಾಡಬೇಕಾದ ದೃಶ್ಯವು ಕಾರ್ಡಿನ ಸ್ಮರಣಕೋಶದಲ್ಲಿ ಹಿಡಿಸದಿದ್ದರೆ ಕೆಲಸ ಹಲವು ಪಟ್ಟು ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಅದೇ ಶ್ರೇಣಿಯ 5080 ಕಾರ್ಡಿನ ಘೋಷಿತ ಬೆಲೆ ರೂ. 1,07,000, ಸರಿಯಾಗಿ ಅರ್ಧ. ಸ್ಮರಣಕೋಶವೂ ಅರ್ಧ, 16 ಗಿಗಾಬೈಟ್. ಎರಡು 5080 ಕೊಂಡರೆ 32 ಆಯಿತಲ್ಲ ಎಂಬ ವಾದ ಇಲ್ಲಿ ಸಲ್ಲದು. ಇವುಗಳ ಸ್ಮರಣಕೋಶಗಳನ್ನು ಒಂದುಗೂಡಿಸುವ ಜೋಡಣೆಯ ಸೌಲಭ್ಯವಿಲ್ಲವಾದ್ದರಿಂದ, ಇಡೀ ದೃಶ್ಯವು ಪ್ರತಿ ಕಾರ್ಡಿನಲ್ಲೂ ಪ್ರತ್ಯೇಕವಾಗಿ ಹಿಡಿಸಬೇಕು.

ಆದ್ದರಿಂದ ಮಾಲೀಕರು ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ಆರು ತಿಂಗಳಲ್ಲಿ ಎಷ್ಟು ಕೆಲಸಗಳು ಸ್ಮರಣಕೋಶ ಸಾಲದೆ ತಡವಾದವು? ಉತ್ತರ ಸೊನ್ನೆಯಾದರೆ 5080 ಅಥವಾ ಅದಕ್ಕಿಂತ ಕೆಳಗಿನ ಮಾದರಿಯೇ ಸಾಕು. ಮದುವೆ ಮತ್ತು ಜಾಹೀರಾತು ವಿಡಿಯೋಗಳ ಸಂಕಲನ ಮಾಡುವವರು ವಿಶೇಷವಾಗಿ ಗಮನಿಸತಕ್ಕದ್ದೆಂದರೆ, ಈಚಿನ ಕ್ಯಾಮೆರಾಗಳ 4:2:2 ಮಾದರಿಯ ವಿಡಿಯೋವನ್ನು ಸರಾಗವಾಗಿ ನಿಭಾಯಿಸುವ ಸಾಮರ್ಥ್ಯ ಈ ಶ್ರೇಣಿಯ ಅಗ್ಗದ ಕಾರ್ಡುಗಳಲ್ಲಿಯೂ ಇದೆ.

ಇನ್ನು ತೆರಿಗೆ. ರೂ. 2,14,000ರಲ್ಲಿ ಶೇ. 18ರ ಜಿಎಸ್‌ಟಿ ಪಾಲು ರೂ. 32,644. ನೋಂದಾಯಿತ ಘಟಕವು ಕಾರ್ಡನ್ನು ವ್ಯವಹಾರಕ್ಕಾಗಿಯೇ ಬಳಸುತ್ತಿದ್ದು, ತನ್ನ ನೋಂದಣಿ ಸಂಖ್ಯೆಯಿರುವ ಬಿಲ್ಲನ್ನು ಪಡೆದಿದ್ದರೆ, ಇತರ ಷರತ್ತುಗಳಿಗೊಳಪಟ್ಟು ಈ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಉಳಿಯುವ ರೂ. 1,81,356 ಆಸ್ತಿಯ ವೆಚ್ಚ. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಗಣಕಯಂತ್ರಗಳಿಗೆ ಅನ್ವಯಿಸುವ ಶೇ. 40ರ ದರದಲ್ಲಿ ಮೊದಲ ವರ್ಷದ ಸವಕಳಿ ರೂ. 72,542, ಆ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅದರ ಅರ್ಧ ಮಾತ್ರ. ಮಾರ್ಚ್ ಕೊನೆಯಲ್ಲಿ ಅವಸರದಿಂದ ಕೊಳ್ಳುವವರು ಇದನ್ನು ಮರೆಯಬಾರದು. ಮನೆಯ ಮಕ್ಕಳ ಆಟಕ್ಕೆಂದು ಕೊಂಡ ಕಾರ್ಡನ್ನು ಸಂಸ್ಥೆಯ ಲೆಕ್ಕಕ್ಕೆ ಸೇರಿಸುವ ಚಾಳಿಗೆ ಎರಡೂ ಕಾನೂನುಗಳಲ್ಲಿ ಅವಕಾಶವಿಲ್ಲ.

ನಿರ್ವಹಣೆಯ ಖರ್ಚು ದೊಡ್ಡದಲ್ಲ. ದಿನಕ್ಕೆ ಎಂಟು ಗಂಟೆಯಂತೆ ಪೂರ್ಣ ಸಾಮರ್ಥ್ಯದಲ್ಲಿ 25 ದಿನ ದುಡಿದರೂ ಕಾರ್ಡಿನ ಬಳಕೆ 115 ಯೂನಿಟ್. ಆದರೆ 1,000 ವ್ಯಾಟ್‌ನ ಪವರ್ ಸಪ್ಲೈ ಬೇಕೆಂದು ತಯಾರಕರೇ ಸೂಚಿಸಿರುವುದರಿಂದ, ಹಳೆಯದನ್ನು ಹಾಗೂ ಸಾಲದಾದರೆ ಯುಪಿಎಸ್ಸನ್ನೂ ಬದಲಿಸುವ ವೆಚ್ಚವನ್ನು ಅಂದಾಜಿನಲ್ಲಿ ಸೇರಿಸತಕ್ಕದ್ದು. 4090ರ ಕಾಲದಲ್ಲಿ ವಿದ್ಯುತ್ ಕನೆಕ್ಟರ್‌ಗಳು ಕರಗಿದ ಪ್ರಕರಣಗಳು ವರದಿಯಾಗಿದ್ದವು. ಕೇಬಲ್ ಪೂರ್ತಿ ಒಳಗೆ ಕೂತಿದೆಯೇ ಎಂದು ಅಳವಡಿಸುವಾಗಲೇ ನೋಡಬೇಕು.

ಸರಕು ಕೈಸೇರಿದ ದಿನವೇ ಮಾಡಬೇಕಾದ ಇನ್ನೊಂದು ಪರೀಕ್ಷೆಯಿದೆ. 5090ರಲ್ಲಿ ಚಿತ್ರವನ್ನು ಅಂತಿಮಗೊಳಿಸುವ ಆರ್‌ಒಪಿ ಎಂಬ 176 ಘಟಕಗಳಿರಬೇಕು. ಕೆಲವು ಕಾರ್ಡುಗಳಲ್ಲಿ 168 ಮಾತ್ರ ಇದ್ದುದನ್ನು 2025ರ ಫೆಬ್ರವರಿಯಲ್ಲಿ ಎನ್ವಿಡಿಯಾ ಒಪ್ಪಿಕೊಂಡಿತು, ಅಂತಹವು ಶೇ. 0.5ಕ್ಕಿಂತ ಕಡಿಮೆಯೆಂದೂ, ಅವನ್ನು ಬದಲಾಯಿಸಿಕೊಳ್ಳಬಹುದೆಂದೂ ತಿಳಿಸಿತು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಈ ಸಂಖ್ಯೆಯನ್ನು ತೋರಿಸುತ್ತದೆ. ಅದರ ಪರದೆಯ ಪ್ರತಿಯನ್ನು ಮುದ್ರಿಸಿ ಬಿಲ್ಲಿನ ಜೊತೆಗೆ ಲಗತ್ತಿಸಿಡುವುದು ಲೇಸು.