ಪ್ರಭುಭೋಜನ, ವಿವಾಹ, ಶವಸಂಸ್ಕಾರ: ಉತ್ತರ ಅಮೆರಿಕದ ಸಲಿಂಗಾನುರಾಗಿ ಕ್ರೈಸ್ತರ ಸಭಾಜೀವನ

ಕ್ರೈಸ್ತಧರ್ಮದ ಇತಿಹಾಸವನ್ನು ಅಭ್ಯಸಿಸುವವರು ಮಹಾಸಭೆಗಳ ನಿರ್ಣಯಗಳನ್ನೂ ದೇವಶಾಸ್ತ್ರಜ್ಞರ ವಾದವಿವಾದಗಳನ್ನೂ ಮುಖ್ಯ ಆಧಾರಗಳಾಗಿ ಇಟ್ಟುಕೊಳ್ಳುವುದು ರೂಢಿ. ಸಲಿಂಗಾನುರಾಗಿ ಕ್ರೈಸ್ತರ ವಿಷಯದಲ್ಲಿ ಈ ಒಂದೇ ಮಾರ್ಗವನ್ನು ಹಿಡಿದರೆ ನಮಗೆ ದೊರೆಯುವುದು ಅವರನ್ನು ಕುರಿತು ಇತರರು ಆಡಿದ ಮಾತು, ಅವರ ಬಾಳಲ್ಲ. ತಮ್ಮನ್ನು ಪಾಪಿಗಳೆಂದು ಹೊರಗಿಟ್ಟ ಧರ್ಮವನ್ನು ಈ ಸ್ತ್ರೀಪುರುಷರಲ್ಲಿ ಅನೇಕರು ಏಕೆ ಬಿಡಲಿಲ್ಲ, ಬಿಡದೆ ಅದನ್ನು ಹೇಗೆ ಆಚರಿಸಿದರು ಎಂಬುದೇ ಪ್ರಸ್ತುತ ಲೇಖನದ ವಿಷಯ. ವ್ಯಕ್ತಿಯ ಬಾಳನ್ನು ಸಭೆಯೊಡನೆ ಬಿಗಿಯುವ ಮೂರು ಸಂಸ್ಕಾರಗಳನ್ನು, ಎಂದರೆ ಪ್ರಭುಭೋಜನ, ವಿವಾಹ, ಶವಸಂಸ್ಕಾರಗಳನ್ನು ಪರಿಶೀಲಿಸಿದರೆ ಇದಕ್ಕೆ ಉತ್ತರ ದೊರೆಯುವುದೆಂದು ನಾವು ಭಾವಿಸುತ್ತೇವೆ. ಬಾಳಿನ ಕ್ರಮವನ್ನು ಅನುಸರಿಸಿದ್ದರಿಂದ ಇಸವಿಗಳು ಕೆಲವೆಡೆ ಹಿಂದುಮುಂದಾಗಿ ಬರುತ್ತವೆ.

ಹಿನ್ನೆಲೆ

ಪಶ್ಚಿಮದೇಶಗಳಲ್ಲಿ ಈ ಜನರಿಗೆ ಎರಡು ಭಯಗಳಿದ್ದವು: ಒಂದು ಸಭೆಯ ಭಯ, ಇನ್ನೊಂದು ಪೊಲೀಸರ ಭಯ. ಎರಡರ ಬೇರೂ ಒಂದೇ. ಇಂಗ್ಲೆಂಡಿನಲ್ಲಿ ಅದುವರೆಗೆ ಧರ್ಮನ್ಯಾಯಾಲಯಗಳಿಗೆ ಬಿಟ್ಟಿದ್ದ ಈ ವಿಷಯವನ್ನು ಎಂಟನೆಯ ಹೆನ್ರಿಯು ೧೫೩೩ರ ಶಾಸನದಿಂದ ಮರಣದಂಡನೆಗೆ ಅರ್ಹವಾದ ಅಪರಾಧವನ್ನಾಗಿ ಮಾಡಿದನು. ಅಮೆರಿಕದ ಸಂಸ್ಥಾನಗಳ ಕಾನೂನುಗಳು ಇದೇ ಪರಂಪರೆಗೆ ಸೇರಿದವು. ನಮ್ಮ ದೇಶದ ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮೂ ಇದೇ ವಂಶದ್ದು. ಪರಸ್ಪರ ಸಮ್ಮತಿಯುಳ್ಳ ವಯಸ್ಕರ ಸಂಬಂಧವನ್ನು ಸರ್ವೋಚ್ಚ ನ್ಯಾಯಾಲಯವು ಅದರ ವ್ಯಾಪ್ತಿಯಿಂದ ಹೊರತಂದದ್ದು ೨೦೧೮ರ ಸೆಪ್ಟೆಂಬರ್ ೬ರಂದು. ಕ್ಯಾಲಿಫೋರ್ನಿಯದಲ್ಲಿ ಇಂಥ ಕಾನೂನು ೧೯೭೬ರವರೆಗೆ ಜಾರಿಯಲ್ಲಿತ್ತು.

ಶಾಸ್ತ್ರವಿಚಾರವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಸೊದೋಮ್ ಪಟ್ಟಣದ ನಾಶದ ಕಥೆ, ಯಾಜಕಕಾಂಡದ ನಿಷೇಧಗಳು, ರೋಮಾಪುರದವರಿಗೆ ಪೌಲನು ಬರೆದ ಪತ್ರದ ಮೊದಲನೆಯ ಅಧ್ಯಾಯ, ಇವು ಖಂಡನೆಗೆ ಮುಖ್ಯ ಆಧಾರಗಳು. ಸೊದೋಮಿನ ಪಾಪಕ್ಕೂ ಸಲಿಂಗಕಾಮಕ್ಕೂ ಪರಂಪರೆಯು ಕಲ್ಪಿಸಿದ ಸಂಬಂಧವನ್ನು ಆಂಗ್ಲಿಕನ್ ಪಾದ್ರಿ ಡೆರಿಕ್ ಶರ್ವಿನ್ ಬೇಲಿಯವರು ೧೯೫೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರಶ್ನಿಸಿದರು. ಆದರೆ ವಿದ್ವಾಂಸರ ವಾದ ಮುಗಿಯುವವರೆಗೆ ಭಕ್ತರು ಕಾದು ಕುಳಿತಿರಲಿಲ್ಲ.

೧. ಪ್ರಭುಭೋಜನ

ಟ್ರಾಯ್ ಪೆರಿಯವರು ಫ್ಲಾರಿಡದಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಬೋಧಕರಾದವರು. ಪೆಂಟಕೋಸ್ತ ಸಂಪ್ರದಾಯದ ಸಭೆಯಲ್ಲಿ ಪಾಸ್ಟರರಾಗಿದ್ದಾಗ ಅವರ ಸಲಿಂಗಾನುರಾಗವು ತಿಳಿದುಬಂದು, ಹುದ್ದೆಯೂ ಹೋಯಿತು, ಸಂಸಾರವೂ ಒಡೆಯಿತು. ೧೯೬೮ರಲ್ಲಿ ಅವರ ಗೆಳೆಯನೊಬ್ಬನನ್ನು ಪೊಲೀಸರು ಪಾನಗೃಹವೊಂದರಲ್ಲಿ ಹಿಡಿದೊಯ್ದರು. ಬಿಡುಗಡೆಯಾಗಿ ಬಂದ ಆತನು, ದೇವರಿಗೆ ತಮ್ಮಂಥವರ ಗೊಡವೆಯೇ ಇಲ್ಲವೆಂದು ನೊಂದು ನುಡಿದದ್ದೇ ಹೊಸ ಸಭೆಯ ಸಂಕಲ್ಪಕ್ಕೆ ಕಾರಣವಾಯಿತೆಂದು ಪೆರಿಯವರು ಹೇಳಿಕೊಂಡಿದ್ದಾರೆ. ಆ ವರ್ಷದ ಅಕ್ಟೋಬರ್ ೬ರ ಭಾನುವಾರ ಲಾಸ್ ಏಂಜಲೀಸಿನ ಬಳಿಯ ಹಂಟಿಂಗ್‌ಟನ್ ಪಾರ್ಕಿನಲ್ಲಿ, ಅವರ ಮನೆಯ ಪಡಸಾಲೆಯಲ್ಲಿ, ೧೨ ಮಂದಿ ಆರಾಧನೆಗೆ ಕೂಡಿದರು. ಮೆಟ್ರೊಪಾಲಿಟನ್ ಕಮ್ಯೂನಿಟಿ ಚರ್ಚ್ ಎಂಬ ಸಭೆಯ ಆರಂಭ ಇದು.

ಈ ಸಭೆಯ ವಿಶೇಷವು ಅದರ ಪ್ರಭುಭೋಜನದ ಕ್ರಮದಲ್ಲಿದೆ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪ್ರತಿ ಭಾನುವಾರವೂ ಹಂಚುವುದು, ಸದಸ್ಯನೋ ಅಲ್ಲವೋ ಎಂದು ಯಾರನ್ನೂ ಕೇಳದಿರುವುದು, ಇವೆರಡು ಅದರ ನಿಯಮಗಳಾದವು. ಬಂದವರಲ್ಲಿ ಕೆಲವರು ಕಥೊಲಿಕರು, ಕೆಲವರು ಬ್ಯಾಪ್ಟಿಸ್ಟರು, ಕೆಲವರು ಪೆಂಟಕೋಸ್ತರು. ಸಿದ್ಧಾಂತದಲ್ಲಿ ಒಮ್ಮತವಿಲ್ಲದ ಇವರನ್ನು ಒಂದುಗೂಡಿಸಿದ್ದು, ಹಿಂದೆ ತಮಗೆ ನಿರಾಕರಿಸಲ್ಪಟ್ಟ ಪಂಕ್ತಿಯಲ್ಲಿ ಈಗ ಕುಳಿತಿದ್ದೇವೆ ಎಂಬ ಭಾವನೆ. ಪಂಕ್ತಿಭೇದದ ಅರ್ಥವನ್ನು ಬಲ್ಲ ನಮ್ಮ ವಾಚಕರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಯೊಳಗೂ ಸಮಾನತೆ ತಾನಾಗಿ ಬರಲಿಲ್ಲ. ಮೊದಲಲ್ಲಿ ಪುರುಷರದೇ ಆಗಿದ್ದ ಹಿರಿಯರ ಮಂಡಲಿಗೆ ಫ್ರೀಡಾ ಸ್ಮಿತ್ ಎಂಬ ಮಹಿಳೆಯು ಆಯ್ಕೆಯಾದದ್ದು ೧೯೭೩ರಲ್ಲಿ.

ಕಥೊಲಿಕರಲ್ಲಿ ಅನೇಕರಿಗೆ ಈ ಮಾರ್ಗವು ಒಗ್ಗುವಂತಿರಲಿಲ್ಲ. ಪರಮಪ್ರಸಾದವು ಸಿಂಧುವಾಗಬೇಕಾದರೆ ಪರಂಪರಾಗತ ಗುರುದೀಕ್ಷೆ ಪಡೆದ ಪಾದ್ರಿಯೇ ಪೂಜೆಯನ್ನು ಅರ್ಪಿಸಬೇಕೆಂಬುದು ಅವರ ಶ್ರದ್ಧೆ. ಮನೆಯ ಪಡಸಾಲೆಯಲ್ಲಿ ಹೊಸ ಸಭೆಯನ್ನು ಕಟ್ಟಿದರೆ ಅದು ದೊರೆಯದು. ಆದಕಾರಣ ೧೯೬೯ರಲ್ಲಿ ಸ್ಯಾನ್ ಡಿಯೆಗೊ ನಗರದಲ್ಲಿ ಅಗಸ್ತೀನ ಸಂಘದ ಪಾದ್ರಿ ಪ್ಯಾಟ್ರಿಕ್ ನೈಡಾರ್ಫರು ಆರಂಭಿಸಿದ 'ಡಿಗ್ನಿಟಿ' ಎಂಬ ಕೂಟವು ಸಭೆಯ ಒಳಗೇ ಉಳಿಯುವ ದಾರಿಯನ್ನು ಹಿಡಿಯಿತು. ಎಪಿಸ್ಕೋಪಲ್ ಸಭೆಯಲ್ಲಿ ೧೯೭೪ರಲ್ಲಿ ಲೂಯಿ ಕ್ರೂ ಅವರಿಂದ ಮೊದಲಾದ 'ಇಂಟೆಗ್ರಿಟಿ' ಕೂಟದ ದಾರಿಯೂ ಇದೇ.

ಒಳಗೆ ಉಳಿದವರಿಗೆ ಒಡೆಯನ ಅಪ್ಪಣೆ ಬೇಕಾಗುತ್ತದೆ. ೧೯೮೬ರ ಅಕ್ಟೋಬರಿನಲ್ಲಿ ವ್ಯಾಟಿಕನ್ನಿನ ಶ್ರದ್ಧಾಮಂಡಲಿಯು ಬಿಷಪ್ಪರಿಗೆ ಪತ್ರವೊಂದನ್ನು ಕಳುಹಿಸಿ, ಸಭೆಯ ಬೋಧನೆಯನ್ನು ಒಪ್ಪದ ಇಂಥ ಕೂಟಗಳಿಗೆ ಬೆಂಬಲ ನೀಡಬಾರದೆಂದೂ ಸಭೆಯ ಕಟ್ಟಡಗಳನ್ನು ಅವುಗಳಿಗೆ ಬಿಟ್ಟುಕೊಡುವ ವಿಷಯದಲ್ಲಿ ಎಚ್ಚರ ವಹಿಸಬೇಕೆಂದೂ ತಿಳಿಸಿತು. ಪರಿಣಾಮವಾಗಿ ೧೯೮೭ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿ ಡಿಗ್ನಿಟಿಯ ಪೂಜೆಯು ನಿಂತಿತು. ಕೂಟವು ಮುರಿಯಲಿಲ್ಲ. ಅದು ಮುಂದೆ ಎಪಿಸ್ಕೋಪಲ್ ದೇವಾಲಯವೊಂದರಲ್ಲಿ ಆಶ್ರಯ ಪಡೆದು ಕಥೊಲಿಕ ಪೂಜೆಯನ್ನೇ ಮುಂದುವರಿಸಿತು.

೨. ವಿವಾಹ

ಮೆಟ್ರೊಪಾಲಿಟನ್ ಸಭೆಯು ತನ್ನ ಮೊದಲ ವರ್ಷಗಳಿಂದಲೇ ಜೋಡಿಗಳನ್ನು ಆಶೀರ್ವದಿಸುತ್ತಿತ್ತು. ಕಾನೂನು ಅದನ್ನು ವಿವಾಹವೆಂದು ಎಣಿಸಲಿಲ್ಲ. ಈ ಸ್ಥಿತಿಯನ್ನು ಬದಲಿಸಲು ನೆರವಾದುದು ಒಂದು ಹಳೆಯ ಕ್ರೈಸ್ತ ಪದ್ಧತಿಯೇ ಎಂಬುದು ಇತಿಹಾಸಕಾರರಿಗೆ ಸ್ವಾರಸ್ಯದ ಸಂಗತಿ. ವಿವಾಹಕ್ಕೆ ಮುಂಚೆ ವಧೂವರರ ಹೆಸರನ್ನು ಭಾನುವಾರದ ಆರಾಧನೆಯಲ್ಲಿ ಸಾರಿ, ಆಕ್ಷೇಪಣೆಯಿದ್ದರೆ ತಿಳಿಸಿರೆಂದು ಕೇಳುವ ರೂಢಿ ಮಧ್ಯಯುಗದ್ದು. ನಮ್ಮ ನಾಡಿನ ಚರ್ಚುಗಳಲ್ಲಿಯೂ ಇದು ಪರಿಚಿತ. ಕೆನಡದ ಆಂಟೇರಿಯೊ ಪ್ರಾಂತದ ಕಾನೂನಿನಲ್ಲಿ ಇಂಥ ಸಾರಿಕೆಯು ಸರ್ಕಾರಿ ಪರವಾನಗಿಗೆ ಬದಲಾಗಿ ಸಲ್ಲುತ್ತಿತ್ತು.

ಟೊರಾಂಟೊ ನಗರದ ಮೆಟ್ರೊಪಾಲಿಟನ್ ಸಭೆಯ ಪಾಸ್ಟರ್ ಬ್ರೆಂಟ್ ಹಾಕ್ಸರು ಇದನ್ನೇ ಬಳಸಿಕೊಂಡರು. ೨೦೦೦ದ ಡಿಸೆಂಬರಿನಲ್ಲಿ ಎರಡು ಜೋಡಿಗಳ ಹೆಸರನ್ನು ಸಾರಿ, ೨೦೦೧ರ ಜನವರಿ ೧೪ರಂದು ವಿವಾಹವನ್ನು ನೆರವೇರಿಸಿದರು. ಜೀವಬೆದರಿಕೆಯಿದ್ದುದರಿಂದ ಅವರು ಅಂದು ಗುಂಡುನಿರೋಧಕ ಕವಚವನ್ನು ತೊಟ್ಟಿದ್ದರು. ಸರ್ಕಾರವು ವಿವಾಹಗಳನ್ನು ನೋಂದಾಯಿಸಲು ನಿರಾಕರಿಸಿತು. ೨೦೦೩ರ ಜೂನ್ ೧೦ರಂದು ಆಂಟೇರಿಯೊದ ಮೇಲ್ಮನವಿ ನ್ಯಾಯಾಲಯವು ನೋಂದಣಿಗೆ ಆಜ್ಞೆ ಮಾಡಿತು. ಹೀಗೆ ವಿವಾಹದ ಮಟ್ಟಿಗೆ ರಾಜ್ಯವು ಈ ಸಭೆಯ ಹಿಂದೆ ನಡೆಯಿತಲ್ಲದೆ ಮುಂದೆ ನಡೆಯಲಿಲ್ಲ.

೩. ಶವಸಂಸ್ಕಾರ

ಸಭೆಯ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮರಣದಲ್ಲಿ. ನ್ಯೂ ಆರ್ಲಿಯನ್ಸ್ ನಗರದ ಸಣ್ಣ ಮೆಟ್ರೊಪಾಲಿಟನ್ ಸಭೆಯವರು ಭಾನುವಾರದ ಆರಾಧನೆಯ ತರುವಾಯ 'ಅಪ್‌ಸ್ಟೇರ್ಸ್ ಲೌಂಜ್' ಎಂಬ ಮಹಡಿಯ ಪಾನಗೃಹದಲ್ಲಿ ಸೇರುತ್ತಿದ್ದರು. ೧೯೭೩ರ ಜೂನ್ ೨೪ರ ಸಂಜೆ ಅದರ ಮೆಟ್ಟಿಲಿಗೆ ಯಾರೋ ಬೆಂಕಿಯಿಟ್ಟರು. ೩೨ ಮಂದಿ ಸತ್ತರು. ಅವರಲ್ಲಿ ಸಭೆಯ ಪಾಸ್ಟರ್ ಬಿಲ್ ಲಾರ್ಸನ್ನರೂ ಒಬ್ಬರು. ಕಿಟಕಿಯ ಸರಳುಗಳ ನಡುವೆ ಸಿಕ್ಕಿಕೊಂಡಿದ್ದ ಅವರ ಶವವು ಗಂಟೆಗಟ್ಟಲೆ ಬೀದಿಗೆ ಕಾಣುತ್ತಿತ್ತು. ಈ ಕೃತ್ಯಕ್ಕಾಗಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಸತ್ತವರಿಗಾಗಿ ಪ್ರಾರ್ಥನೆ ಮಾಡಲು ನಗರದಲ್ಲಿ ದೇವಾಲಯ ದೊರೆಯುವುದೇ ದುಸ್ತರವಾಯಿತು. ಮರುದಿನ ಎಪಿಸ್ಕೋಪಲ್ ಪಾದ್ರಿ ವಿಲಿಯಂ ರಿಚರ್ಡ್‌ಸನ್ನರು ತಮ್ಮ ಸಂತ ಜಾರ್ಜ್ ದೇವಾಲಯವನ್ನು ತೆರೆದು, ಅದಕ್ಕಾಗಿ ತಮ್ಮ ಬಿಷಪ್ಪರ ಆಕ್ಷೇಪಣೆಗೆ ಗುರಿಯಾದರು. ಜುಲೈ ೧ರಂದು ಸಂತ ಮಾರ್ಕನ ಮೆಥೊಡಿಸ್ಟ್ ದೇವಾಲಯದಲ್ಲಿ ಸ್ಮರಣೆಯ ಆರಾಧನೆ ನಡೆಯಿತು. ಹೊರಗೆ ಪತ್ರಿಕೆಯ ಛಾಯಾಗ್ರಾಹಕರು ಇರುವರೆಂದು ತಿಳಿದಾಗ, ಬೇಕಾದವರು ಪಕ್ಕದ ಬಾಗಿಲಿನಿಂದ ಹೋಗಬಹುದೆಂದು ಹೇಳಲಾಯಿತು. ಎಲ್ಲರೂ ಮುಂಬಾಗಿಲಿನಿಂದಲೇ ಹೊರಬಂದರೆಂದು ಅಲ್ಲಿದ್ದವರು ನೆನೆಯುತ್ತಾರೆ. ಹೆಸರು ತಿಳಿದರೆ ಉದ್ಯೋಗವೂ ಮನೆಯೂ ಹೋಗುತ್ತಿದ್ದ ಕಾಲದಲ್ಲಿ ಆ ಬಾಗಿಲನ್ನು ದಾಟುವುದೇ ಒಂದು ಶ್ರದ್ಧಾಪ್ರಕಟನೆಯಾಗಿತ್ತು. ಆಗ ಮೌನವಾಗಿದ್ದ ಕಥೊಲಿಕ ಸಭೆಯ ಪರವಾಗಿ ನಗರದ ಆರ್ಚ್‌ಬಿಷಪ್ಪರು ವಿಷಾದ ಸೂಚಿಸಿದ್ದು ೪೦ ವರ್ಷಗಳ ಅನಂತರ, ೨೦೧೩ರಲ್ಲಿ.

೧೯೮೦ರ ದಶಕದಲ್ಲಿ ಏಡ್ಸ್ ರೋಗವು ಹಬ್ಬಿದಾಗ ಈ ಕರ್ತವ್ಯವು ನಿತ್ಯದ ಕೆಲಸವಾಯಿತು. ಬಂಧುಗಳು ಮುಟ್ಟಲು ಅಂಜಿದ ರೋಗಿಗಳ ಶುಶ್ರೂಷೆ, ಅಂತ್ಯಕಾಲದ ಪ್ರಾರ್ಥನೆ, ಶವಸಂಸ್ಕಾರ, ಉಳಿದ ಸಂಗಾತಿಗೆ ಸಾಂತ್ವನ, ಇವೆಲ್ಲವೂ ಸಭೆಯ ಪಾಲಿಗೆ ಬಂದವು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಕ್ಯಾಸ್ಟ್ರೊ ಬಡಾವಣೆಯಲ್ಲಿ ಮೆಟ್ರೊಪಾಲಿಟನ್ ಸಭೆಯೂ ಕಥೊಲಿಕರ 'ಮೋಸ್ಟ್ ಹೋಲಿ ರಿಡೀಮರ್' ದೇವಾಲಯವೂ ಈ ಸೇವೆಯಲ್ಲಿ ತೊಡಗಿದವು. ದೇವಾಲಯಕ್ಕೆ ಸೇರಿದ ಹಳೆಯ ಕನ್ಯಾಮಠದ ಕಟ್ಟಡದಲ್ಲಿ ೧೯೮೭ರಲ್ಲಿ ಮರಣಾಸನ್ನ ರೋಗಿಗಳ ಆಶ್ರಯಗೃಹವು ತೆರೆಯಿತು. ರೋಮಿನ ಪತ್ರವು ಬಾಗಿಲು ಮುಚ್ಚಿಸುತ್ತಿದ್ದ ದಿನಗಳಲ್ಲಿಯೇ ಅದೇ ಧರ್ಮದ ಇನ್ನೊಂದು ಬಾಗಿಲು ತೆರೆದುದನ್ನು ಇಲ್ಲಿ ಲಕ್ಷಿಸಬೇಕು.

ಉಪಸಂಹಾರ

ಅಮೆರಿಕದ ರಾಷ್ಟ್ರೀಯ ಚರ್ಚ್ ಮಂಡಲಿಯು ಮೆಟ್ರೊಪಾಲಿಟನ್ ಸಭೆಯ ಸದಸ್ಯತ್ವದ ಪ್ರಶ್ನೆಯನ್ನು ೧೯೮೩ರಲ್ಲಿ ಅನಿರ್ದಿಷ್ಟ ಕಾಲ ಮುಂದೂಡಿತು. ೧೯೯೨ರಲ್ಲಿ ವೀಕ್ಷಕನ ಸ್ಥಾನವನ್ನೂ ಕೊಡಲಿಲ್ಲ. ಅನಂತರ ಹಳೆಯ ಸಭೆಗಳಲ್ಲಿಯೇ ಬದಲಾವಣೆ ಬಂದಿದೆ. ಎಪಿಸ್ಕೋಪಲ್ ಸಭೆಯು ೨೦೦೩ರಲ್ಲಿ ಜೀನ್ ರಾಬಿನ್‌ಸನ್ನರನ್ನು ಬಿಷಪ್ಪರನ್ನಾಗಿ ಪ್ರತಿಷ್ಠಾಪಿಸಿತು, ೨೦೧೫ರಲ್ಲಿ ಸಲಿಂಗ ವಿವಾಹದ ವಿಧಿಯನ್ನೂ ಒಪ್ಪಿತು. ವಿವಾಹದ ಬೋಧನೆಯನ್ನು ಬದಲಿಸದೆಯೇ, ಇಂಥ ಜೋಡಿಗಳನ್ನು ಪೂಜಾವಿಧಿಯ ಹೊರಗೆ ಆಶೀರ್ವದಿಸಲು ವ್ಯಾಟಿಕನ್ ೨೦೨೩ರ ಡಿಸೆಂಬರಿನಲ್ಲಿ ಅನುಮತಿಯಿತ್ತಿತು. ಇವೆಲ್ಲವೂ ಭಿನ್ನಾಭಿಪ್ರಾಯಕ್ಕೆ ಎಡೆಗೊಟ್ಟಿವೆ, ಕೆಲವೆಡೆ ಸಭೆಗಳು ಒಡೆದಿವೆ.

ಶಾಸ್ತ್ರಾರ್ಥದ ನಿರ್ಣಯವು ಇತಿಹಾಸಕಾರನ ಅಧಿಕಾರಕ್ಕೆ ಸೇರಿದ್ದಲ್ಲ. ಆದರೆ ಮೇಲೆ ಹೇಳಿದ ಸಂಗತಿಗಳಿಂದ ಒಂದು ಮಾತು ಖಚಿತವಾಗುತ್ತದೆ. ಈ ಜನರು ಸಭೆಯಿಂದ ಬಯಸಿದ್ದು ಕ್ರೈಸ್ತನಾದ ಯಾವನೂ ಬಯಸುವುದಕ್ಕಿಂತ ಬೇರೆಯದಲ್ಲ: ಪಂಕ್ತಿಯಲ್ಲಿ ಸ್ಥಳ, ಸಂಗಾತಿಯ ಹೆಸರಿನೊಡನೆ ತನ್ನ ಹೆಸರನ್ನು ಸಾರುವ ಧ್ವನಿ, ಸತ್ತಾಗ ಬಾಗಿಲು ತೆರೆಯುವ ದೇವಾಲಯ. ಹಳೆಯ ಚರ್ಚುಗಳ ವಿವಾಹದ ದಫ್ತರಗಳಲ್ಲಿ ಈ ಜೋಡಿಗಳ ಹೆಸರು ಸಿಕ್ಕುವುದಿಲ್ಲ. ಮರಣದ ದಫ್ತರಗಳಲ್ಲಿ ಸಿಕ್ಕಿದರೂ ಸಂಗಾತಿಯ ಹೆಸರಿಲ್ಲದೆ ಸಿಕ್ಕುತ್ತದೆ. ಆಗಿನ ಘಟನೆಗಳನ್ನು ಕಂಡವರಲ್ಲಿ ಕೆಲವರು ಇನ್ನೂ ಇರುವಾಗಲೇ ಅವರ ಸಾಕ್ಷ್ಯವನ್ನು ಕೇಳಿ ಬರೆದಿಡುವುದು ಈ ಕ್ಷೇತ್ರದ ವಿದ್ಯಾರ್ಥಿಗಳ ಮೊದಲ ಕೆಲಸವೆಂದು ನಮಗೆ ತೋರುತ್ತದೆ.