ಅಥಣಿ ರಸ್ತೆಯಲ್ಲಿ ಉಮ್ಮಂದಿರ ಒಂದು ದಿನ

ಶಾಲೆಗೆ ರಜೆ ಸಿಕ್ಕಿತೆಂದರೆ ನಮ್ಮ ಮೊಹಲ್ಲಾಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಟೂರ್ ಬಸ್ಸಿನ ಪೋಸ್ಟರ್‌ಗಳು ಬರತೊಡಗುತ್ತವೆ. ಹೆಚ್ಚಿನವು ಝಿಯಾರತ್ ಯಾತ್ರೆಗಳು: ಏರ್ವಾಡಿ, ನಾಗೂರು, ಮುತ್ತುಪೇಟೆ, ಅಜ್ಮೀರ್. ಅನುಕೂಲ ಇದ್ದವರು ಗುಂಪು ಕಟ್ಟಿಕೊಂಡು ಟರ್ಕಿ, ಇಟಲಿಗೂ ಹೋಗಿ ಬರುವುದುಂಟು. ಎಲ್ಲಿಗೇ ಹೋಗಲಿ, ಕ್ರಮ ಒಂದೇ. ಬೆಳಗ್ಗೆ ಬಸ್ಸು ಹತ್ತಬೇಕು, ಗೈಡ್ ಹೇಳಿದಲ್ಲಿ ಇಳಿಯಬೇಕು, ಹೇಳಿದ ಹೊತ್ತಿಗೆ ಮತ್ತೆ ಹತ್ತಬೇಕು. ಇದನ್ನು ತಮಾಷೆ ಮಾಡುವವರಿದ್ದಾರೆ. ಆದರೆ ನಮ್ಮ ಎಷ್ಟೋ ಉಮ್ಮಂದಿರು, ಅಜ್ಜಿಯಂದಿರು ಜಿಲ್ಲೆಯ ಗಡಿ ದಾಟಿದ್ದೇ ಇಂಥ ಬಸ್ಸಿನಲ್ಲಿ. ಒಬ್ಬರೇ ಹೋಗಲಾಗದವರಿಗೆ, ಮನೆಯ ಗಂಡಸರು ಗಲ್ಫ್‌ನಲ್ಲಿರುವವರಿಗೆ ಇದು ದೊಡ್ಡ ಅವಕಾಶ. ಆ ಅವಕಾಶವನ್ನು ನಾವು ಹೇಗೆ ಬಳಸುತ್ತೇವೆ ಎಂಬುದೇ ಪ್ರಶ್ನೆ.

ಈ ಏಪ್ರಿಲ್ ರಜೆಯಲ್ಲಿ ನಾವು ಹೋದದ್ದು ವಿಜಯಪುರಕ್ಕೆ. ಬಸ್ಸು ತುಂಬ ಜನ, ಅರ್ಧಕ್ಕಿಂತ ಹೆಚ್ಚು ಹೆಂಗಸರು ಮತ್ತು ಮಕ್ಕಳು. ಮಂಗಳೂರಿನಿಂದ ವಿಜಯಪುರಕ್ಕೆ ನೇರ ರೈಲು ಉಂಟು. ಆದರೂ ಎಲ್ಲರೂ ಬಸ್ಸನ್ನೇ ಇಷ್ಟಪಟ್ಟರು. ಮೊಣಕಾಲು ನೋವಿನವರಿಗೆ ಸ್ಟೇಷನ್ ಮೆಟ್ಟಿಲುಗಳ ಕಷ್ಟವಿಲ್ಲ, ನಮಾಝಿಗೆ ಬೇಕಾದಲ್ಲಿ ನಿಲ್ಲಿಸಬಹುದು, ಮನೆಯಿಂದ ತಂದ ಬುತ್ತಿಯನ್ನು ಎಲ್ಲರಿಗೂ ಹಂಚಬಹುದು. ಅಂಕೋಲಾದಿಂದ ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿ, ಕೃಷ್ಣಾ ನದಿಯ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆಗೆ ಬರುವಾಗ ಬೆಳಗಾಗಿತ್ತು. ಕೊಲ್ಹಾರದ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ತಿಂದ ಮೇಲೆ ಮಕ್ಕಳಿಗೆ ರಾತ್ರಿಯ ಆಯಾಸ ಮರೆತೇ ಹೋಯಿತು.

ಮೊದಲ ದಿನ ಗೋಳಗುಮ್ಮಟ, ಜುಮ್ಮಾ ಮಸೀದಿ. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋಗಬೇಕಾದರೆ ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಬೇಕು. ಅಜ್ಜಿಯಂದಿರು ಕೆಳಗೇ ಉಳಿದರು. ಮಕ್ಕಳು ಮೇಲಿನಿಂದ ಕೂಗಿದ್ದು ಅವರಿಗೆ ಕೇಳಿಸಿತು, ಅಷ್ಟೇ.

ಎರಡನೇ ದಿನ ಬಸ್ಸು ಪಶ್ಚಿಮಕ್ಕೆ, ಅಥಣಿ ರಸ್ತೆಯ ಕಡೆಗೆ ತಿರುಗಿತು. ಟೂರ್ ನಡೆಸಿದವರು ಕೊಟ್ಟ ಚೀಟಿಯಲ್ಲಿ ಆ ಕಡೆಗೆ ಇದ್ದದ್ದು ಒಂದೇ ಹೆಸರು: ಇಬ್ರಾಹಿಂ ರೋಜಾ, ಅರ್ಧ ಗಂಟೆ. ಆ ಮೇಲೆ ಬಜಾರಿನಲ್ಲಿ ಖರೀದಿಗೆ ಎರಡು ಗಂಟೆ. ಚೀಟಿ ಬರೆದವರ ಲೆಕ್ಕದಲ್ಲಿ ಹೆಂಗಸರು ಬಂದದ್ದು ಖರೀದಿಗೆ.

ಮೊದಲು ಮೆಕ್ಕಾ ದರ್ವಾಜಾದ ಬಳಿಯ ತಾಜ್ ಬಾವಡಿ. ಬಸ್ಸು ನಿಲ್ಲಿಸದೆ ಹೋಗುವುದಿತ್ತು, ನಾವು ಹಠ ಮಾಡಿ ಹತ್ತು ನಿಮಿಷ ಇಳಿದೆವು. 1620ರ ಸುಮಾರಿಗೆ ಮಲಿಕ್ ಸಂದಲ್ ಕಟ್ಟಿಸಿದ ಈ ದೊಡ್ಡ ಬಾವಿಗೆ ಇಬ್ರಾಹಿಂ ಆದಿಲ್ ಶಾಹ್ ಇಮ್ಮಡಿಯ ರಾಣಿ ತಾಜ್ ಸುಲ್ತಾನಾಳ ಹೆಸರು. ಅಲ್ಲಿಂದ ಮುಂದೆ ಇಬ್ರಾಹಿಂ ರೋಜಾ. ಒಂದೇ ಎತ್ತರದ ಕಟ್ಟೆಯ ಮೇಲೆ ಒಂದು ಕಡೆ ಗೋರಿಯ ಕಟ್ಟಡ, ಎದುರಿಗೆ ಮಸೀದಿ, ನಡುವೆ ಕಾರಂಜಿಯ ಕೊಳ. ಗೋಡೆಗಳ ತುಂಬ ಕುರ್‌ಆನಿನ ಆಯತ್‌ಗಳು. ಕಿಟಕಿಯ ಕಲ್ಲಿನ ಜಾಲರಿ ಕೂಡ ಅರಬಿ ಅಕ್ಷರಗಳದ್ದೇ. ಬೆಳಕು ಬರುವುದು ಅಕ್ಷರದ ಸಂದಿನಿಂದ.

ತಾಜ್ ಮಹಲಿಗೆ ಇದೇ ಪ್ರೇರಣೆ ಎಂದು ಗೈಡ್ ಹೇಳಿದರು. ಸುಲ್ತಾನನ ಹೆಸರು, ಇಸವಿ ಹೇಳಿದರು, ಫೋಟೋ ತೆಗೆಯುವ ಜಾಗ ತೋರಿಸಿದರು. ಒಳಗೆ ಯಾರು ಯಾರು ಮಲಗಿದ್ದಾರೆ ಎಂದು ಹೇಳಲು ಅವರಿಗೆ ಹೊತ್ತಿರಲಿಲ್ಲ. ಅದನ್ನು ನಾವು ಹೇಳಿದೆವು. ಈ ಕಟ್ಟಡವನ್ನು ಮೊದಲು ಶುರು ಮಾಡಿದ್ದೇ ತಾಜ್ ಸುಲ್ತಾನಾಳಿಗಾಗಿ. ಬಾಗಿಲ ಮೇಲಿನ ಬರಹದಲ್ಲಿ ಆಕೆಯ ಹೆಸರಿದೆ. 1627ರಲ್ಲಿ ಇಬ್ರಾಹಿಂ ತೀರಿಕೊಂಡಾಗ ಅವನನ್ನೂ ಇಲ್ಲೇ ದಫನ ಮಾಡಿದರು. ಪಕ್ಕದಲ್ಲಿ ಅವನ ತಾಯಿ ಹಾಜಿ ಬಡಾ ಸಾಹಿಬಾ, ಮಗಳು ಝುಹ್ರಾ ಸುಲ್ತಾನಾ ಇದ್ದಾರೆ. ಇಬ್ರಾಹಿಂ ಗಾದಿಗೆ ಬಂದದ್ದು 1580ರಲ್ಲಿ, ಒಂಬತ್ತರ ಬಾಲಕನಾಗಿ. ಆಗ ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಹಿಂದಿನ ಸುಲ್ತಾನನ ವಿಧವೆ ಚಾಂದ್ ಬೀಬಿ. ಮುಂದೆ ಅಹ್ಮದ್‌ನಗರದ ಕೋಟೆಯಲ್ಲಿ ನಿಂತು ಮೊಘಲರ ಸೈನ್ಯವನ್ನು ತಡೆದವಳೂ ಅವಳೇ.

ಇಷ್ಟು ಕೇಳಿದ ಮೇಲೆ ಹೆಂಗಸರು ಗೋರಿಗಳ ಮುಂದೆ ನಿಂತು ಫಾತಿಹಾ ಓದಿದರು, ಮತ್ತೆ ಕಟ್ಟೆಯ ನೆರಳಿನಲ್ಲಿ ಕೂತುಬಿಟ್ಟರು. ಅರ್ಧ ಗಂಟೆಯಾಯಿತು, ಬಸ್ಸಿನ ಹಾರ್ನ್ ಕೇಳಿತು. ಗುಂಪಿನ ಅತಿ ಹಿರಿಯ ಉಮ್ಮ ಹೇಳಿದ ಮಾತು: 'ಬಜಾರು ನಮ್ಮ ಊರಲ್ಲೂ ಉಂಟಲ್ಲ ಉಸ್ತಾದ್. ಇಲ್ಲಿ ಇನ್ನು ಸ್ವಲ್ಪ ಕೂರುವ.' ಉಳಿದವರೂ ದನಿಗೂಡಿಸಿದರು. ಟೂರ್‌ನವರು ಮುಖ ಸಣ್ಣ ಮಾಡಿದರೂ ಒಪ್ಪಿದರು. ಬಜಾರಿನ ಎರಡು ಗಂಟೆ ಅಥಣಿ ರಸ್ತೆಗೆ ಸಿಕ್ಕಿತು.

ಮುಂದೆ ತೊರವಿ. ಆದಿಲ್ ಶಾಹಿಗಳ ಕಾಲದಲ್ಲಿ ಈ ಊರಿನಿಂದ ನೆಲದಡಿಯ ಕಾಲುವೆಯಲ್ಲಿ ನಗರಕ್ಕೆ ನೀರು ಹರಿಯುತ್ತಿತ್ತು. ಕರೇಝ್ ಎಂದು ಅದರ ಹೆಸರು. ಪರ್ಷಿಯಾ ಕಡೆಯ ವಿದ್ಯೆ. ಇಲ್ಲಿನ ಸುರಂಗ ಬಾವಡಿಯಲ್ಲಿ ಅದರ ಗುರುತು ಈಗಲೂ ಉಂಟು. ಮೋಟಾರು ಇಲ್ಲ, ಏತ ಇಲ್ಲ. ನೆಲದ ಇಳಿಜಾರನ್ನೇ ನಂಬಿ ನೀರನ್ನು ಕರಕೊಂಡು ಹೋಗುವುದು. ಅಲ್ಲಲ್ಲಿ ಗಾಳಿಗೂ ಹೂಳು ತೆಗೆಯುವುದಕ್ಕೂ ಬಾವಿಯಂಥ ಬಾಯಿಗಳು. 'ಸುರಂಗ' ಎಂಬ ಮಾತು ಕೇಳಿದ್ದೇ ವಿಟ್ಲ, ಕಾಸರಗೋಡು ಕಡೆಯ ನಮ್ಮವರು ಎದ್ದು ನಿಂತರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ಸುರಂಗ ಅವರ ಮನೆ ಹಿತ್ತಲಿನದ್ದೇ. ಅರಸರ ಊರಿನಲ್ಲಿ ಬಡವರ ತೋಟದ ಮಾತು ಸಿಕ್ಕಿದಂತಾಯಿತು.

ತೊರವಿಯ ಬಳಿಯೇ ನವರಸಪುರದ ಅವಶೇಷಗಳು. 1599ರಲ್ಲಿ ಇಬ್ರಾಹಿಂ ಇಲ್ಲಿ ಹೊಸ ನಗರ ಕಟ್ಟಿಸಲು ತೊಡಗಿದ. ಸಂಗೀತದಲ್ಲಿ ಮುಳುಗಿದ ಅರಸ. ದಖ್ಖನಿಯಲ್ಲಿ ಅವನು ಬರೆದ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯ ಸ್ತುತಿಯಿದೆ. ಜನ ಅವನನ್ನು ಜಗದ್ಗುರು ಎಂದರು. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ನಗರ ಹಾಳಾಯಿತು. ಸಂಗೀತ ಮಹಲಿನ ಕಮಾನು ಈಗಲೂ ನಿಂತಿದೆ. ಅರಮನೆಯ ಹಾಡು ಹಾಗೆ ನಿಂತುಹೋಯಿತು. ಮನೆಯ ಹಾಡು ಉಳಿಯಿತು. ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ರಿಚರ್ಡ್ ಈಟನ್, ಈ ನಾಡಿನ ಮನೆಮನೆಗೆ ದೀನಿನ ಮಾತು ತಲುಪಿದ್ದರಲ್ಲಿ ಹೆಂಗಸರು ಬೀಸುವಾಗ, ನೂಲುವಾಗ ಹೇಳುತ್ತಿದ್ದ ಚಕ್ಕಿನಾಮಾ, ಚರ್ಖಾನಾಮಾ ಹಾಡುಗಳ ಪಾಲು ದೊಡ್ಡದೆಂದು ತೋರಿಸಿದ್ದಾರೆ. ಇದನ್ನು ಹೇಳಿದಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಮೊಯ್ಲಾಂಜಿ ಹಾಡು ಶುರುವಾಯಿತು. ನಾವು ತಡೆಯಲಿಲ್ಲ.

ಅದೇ ರಸ್ತೆಯಲ್ಲಿ, ತೊರವಿಯಲ್ಲೇ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಬೋರ್ಡು ಕಾಣಿಸಿತು. ರಾಜ್ಯ ಸರಕಾರ 2003ರಲ್ಲಿ ಸ್ಥಾಪಿಸಿದ್ದು. ಯಾವ ಟೂರ್ ಚೀಟಿಯಲ್ಲೂ ಇದರ ಹೆಸರಿರುವುದಿಲ್ಲ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ ಹುಡುಗಿಯೊಬ್ಬಳು ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದಳು. ಅವಳ ಉಮ್ಮ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: 'ಹಾಸ್ಟೆಲ್ ಉಂಟಾ ಉಸ್ತಾದ್?' ಉಂಟು ಎಂದೆವು. ಆಕೆ ಮತ್ತೆ ಮಾತಾಡಲಿಲ್ಲ. ಆದರೆ ಹೆಣ್ಣುಮಕ್ಕಳನ್ನು ಹೊರಗಿನ ಊರಿಗೆ ಓದಲು ಕಳಿಸುವ ಮಾತು ನಮ್ಮ ಎಷ್ಟು ಮನೆಗಳಲ್ಲಿ ಆ ಒಂದು ಪ್ರಶ್ನೆಯವರೆಗೂ ಬರುವುದಿಲ್ಲ!

ಕೊನೆಗೆ ತಿಕೋಟಾ. ದ್ರಾಕ್ಷಿಯ ಸೀಮೆ. ನಮ್ಮ ಬಿರಿಯಾನಿಗೆ, ಪಾಯಸಕ್ಕೆ ಬೀಳುವ ಒಣದ್ರಾಕ್ಷಿಯಾಗುವುದನ್ನು ಶೆಡ್ಡಿನಲ್ಲಿ ನೋಡಿದೆವು. ಸಿಪ್ಪೆ ಬೇಗ ಒಣಗಲೆಂದು ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಿನಲ್ಲಿ ಹರಡುತ್ತಾರೆ. ಒಣಗಿದ ಮೇಲೆ ಕಾಳು ಆರಿಸುವ ಕೆಲಸದಲ್ಲಿ ಕೂತವರು ಹೆಂಗಸರು. 'ಬರ್ರಿ, ಕುಂದರ್ರಿ, ನೀರ ಕುಡೀರಿ' ಎಂದರು. ನಮ್ಮದು ಬ್ಯಾರಿ ಭಾಷೆ, ಅಲ್ಲಿನ ಮುಸ್ಲಿಮರದ್ದು ದಖ್ಖನಿ. ಇಬ್ಬರನ್ನೂ ಕೂಡಿಸಿದ್ದು ಕನ್ನಡ. ಅರ್ಧ ಗಂಟೆಯಲ್ಲಿ ಕೂಲಿ, ಮಕ್ಕಳ ಓದು, ಅಳಿಯಂದಿರ ಸುದ್ದಿ ಎಲ್ಲ ಆಯಿತು.

ಅಸರ್ ನಮಾಝಿನ ಹೊತ್ತಿಗೆ ಮಕ್ಕಳಿಗೆ ಒಂದು ಸಂಶಯ ಬಂತು. 'ನಮ್ಮ ವಾಚಿನಲ್ಲಿ ಹೊತ್ತಾಯಿತು, ಇಲ್ಲಿ ಬಾಂಗ್ ಯಾಕಿಲ್ಲ?' ನಾವು ಶಾಫಿಗಳು, ಒಂದು ವಸ್ತುವಿನ ನೆರಳು ಅದರಷ್ಟೇ ಉದ್ದವಾದರೆ ನಮಗೆ ಅಸರ್. ಅಲ್ಲಿ ಹನಫಿಗಳು, ಅವರಿಗೆ ನೆರಳು ಎರಡರಷ್ಟಾಗಬೇಕು. ಪ್ರಯಾಣಿಕರಾದ ನಮಗೆ ಝುಹ್ರ್-ಅಸರ್ ಜೊತೆಗೂಡಿಸಿ, ಕಸ್ರ್ ಮಾಡುವ ರಿಯಾಯಿತಿಯೂ ಉಂಟು. ಮದ್ರಸದಲ್ಲಿ ಎಷ್ಟು ಸಲ ಹೇಳಿಕೊಟ್ಟರೂ ಹತ್ತದ ಪಾಠ ಆ ರಸ್ತೆ ಬದಿಯ ನೆರಳಿನಲ್ಲಿ ಒಂದೇ ಸಲಕ್ಕೆ ಹತ್ತಿತು.

ಮುಂದಿನ ರಜೆಗೆ ಬಸ್ಸು ಕಟ್ಟುವವರಿಗೆ ನಮ್ಮ ಸಲಹೆ ಇಷ್ಟೇ. ಚೀಟಿ ಬರೆಯುವ ಮೊದಲು ಹೆಂಗಸರನ್ನು ಕೇಳಿ. ಎಂಟು ಜಾಗದ ಬದಲು ನಾಲ್ಕೇ ಇರಲಿ, ಕೂರಲು ಹೊತ್ತಿರಲಿ. ವುಝೂ ಮತ್ತು ಶೌಚಾಲಯ ಎಲ್ಲೆಲ್ಲಿ ಉಂಟೆಂದು ಮೊದಲೇ ವಿಚಾರಿಸಿಕೊಳ್ಳಿ. ಬೇಸಿಗೆಯಾದರೆ ಗೋಳಗುಮ್ಮಟ ಬೆಳಗ್ಗೆ ಬೇಗ ನೋಡಿ. ಮುಂದಿನ ಸೀಟು ಮೊಣಕಾಲು ನೋವಿನವರಿಗೆ ಕೊಡಿ. ಹೋಗುವ ಜಾಗದ ಬಗ್ಗೆ ಹೊರಡುವ ಹಿಂದಿನ ವಾರ ಮದ್ರಸದಲ್ಲೋ ಮನೆಯಲ್ಲೋ ಒಂದು ಗಂಟೆ ಮಾತಾಡಿ. ಗೈಡ್ ದಾರಿ ತೋರಿಸುತ್ತಾನೆ. ಏನು ನೋಡಬೇಕೆಂದು ನಾವೇ ತಿಳಿದು ಹೋಗಬೇಕು.