ಗೆರೆ ಕಲಿತ ಕೈಗೆ ಕಲ್ಲು

ಮೈಸೂರಿನ ಹಾರ್ಡಿಂಜ್ ಸರ್ಕಲ್ಲಿನಲ್ಲಿರುವ ಜಯಚಾಮರಾಜೇಂದ್ರ ಒಡೆಯರ್ ಪ್ರತಿಮೆಯನ್ನು ಸುತ್ತಿಕೊಂಡು ದಿನವಿಡೀ ಬಸ್ಸುಗಳು ಓಡುತ್ತವೆ. 14.5 ಅಡಿ ಎತ್ತರದ ಈ ಬಿಳಿ ಅಮೃತಶಿಲೆಯ ಪ್ರತಿಮೆಯನ್ನು ಕೆತ್ತಿದವರು ಇದೇ ಊರಿನ ಅರುಣ್ ಯೋಗಿರಾಜ್. ಅಯೋಧ್ಯೆಯ ಬಾಲರಾಮನಿಂದಾಗಿ ಅವರ ಹೆಸರು ಈಗ ದೇಶಕ್ಕೆಲ್ಲ ಗೊತ್ತು. ಆ ಹೆಸರಿನ ಹಿಂದೆ ಕಲಿಸುವ ಒಂದು ಮನೆತನವಿದೆ, ಅದರ ಹಿಂದೆ ಒಬ್ಬ ಗುರುವಿದ್ದಾರೆ. ನನಗೆ ಹೆಚ್ಚು ಬೆಲೆಯದ್ದು ಅನಿಸುವುದು ಈ ಕಲಿಕೆಯ ಸರಪಳಿ.

ಅದರ ಒಂದು ತುದಿ ಅರಮನೆಯ ಕೋಟೆಯೊಳಗೇ ಸಿಗುತ್ತದೆ. ಅಲ್ಲಿನ ಭುವನೇಶ್ವರಿ ದೇವಸ್ಥಾನವನ್ನು 1951ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಕಟ್ಟಿಸಿದರು. ಶಿಲ್ಪದ ಹೊಣೆ ಹೊತ್ತವರು ಶಿಲ್ಪಿ ಸಿದ್ಧಾಂತಿ ಸಿದ್ಧಲಿಂಗಸ್ವಾಮಿ. ಅವರ ಗರಡಿಯಲ್ಲಿ ಪಳಗಿದವರು ಬಸವಣ್ಣ ಶಿಲ್ಪಿ. ಅದೇ ಕೋಟೆಯ ಗಾಯತ್ರಿ ದೇವಸ್ಥಾನದಲ್ಲಿ ಬಸವಣ್ಣನವರ ಕೈಕೆಲಸವಿದೆ. ಅವರ ಮಗ ಯೋಗಿರಾಜ್ ಶಿಲ್ಪಿ, ಮೊಮ್ಮಗ ಅರುಣ್. ಗುರುವಿಗೆ ಕೆಲಸ ಕೊಟ್ಟ ಅರಸರ ಪ್ರತಿಮೆಯನ್ನೇ ಶಿಷ್ಯನ ಮೊಮ್ಮಗ ಕೆತ್ತಿದ್ದಾರೆ. ಎಂ.ಬಿ.ಎ. ಓದಿ, ಕೆಲಕಾಲ ಖಾಸಗಿ ಕಂಪನಿಯಲ್ಲಿ ದುಡಿದ ಅರುಣ್ 2008ರಿಂದ ಪೂರ್ತಿಯಾಗಿ ಉಳಿ ಹಿಡಿದರು. ಮನೆತನದ ಬ್ರಹ್ಮರ್ಷಿ ಕಶ್ಯಪ ಶಿಲ್ಪಕಲಾ ಶಾಲೆಯಲ್ಲಿ ಕೆಲಸ, ಕಲಿಕೆ ಎರಡೂ ಒಟ್ಟಿಗೇ ಸಾಗುತ್ತವೆ.

ಈ ಸಂಪ್ರದಾಯದಲ್ಲಿ ಹೊಸಬರ ಕೈಗೆ ಮೊದಲು ಕಲ್ಲು ಬರುವುದಿಲ್ಲ, ಪೆನ್ಸಿಲ್ ಬರುತ್ತದೆ. ಬಳ್ಳಿ, ಹೂವು, ಮಕರ, ಸಿಂಹಮುಖಗಳನ್ನು ಕೈಗೆ ಕೂರುವ ತನಕ ಬರೆಯಬೇಕು. ಆಮೇಲೆ ತಾಲಮಾನ. ಮುಖದ ಉದ್ದವೇ ಒಂದು ತಾಲ, ಅದರಲ್ಲಿ 12 ಅಂಗುಲ. ನವತಾಲದ ಮೂರ್ತಿಗೆ 108 ಅಂಗುಲ. ಈ ಅಂಗುಲ ಟೇಪಿನ ಮೇಲಿನ ಇಂಚಲ್ಲ, ಮೂರ್ತಿಯ ಎತ್ತರಕ್ಕೆ ತಕ್ಕಂತೆ ಹಿಗ್ಗುವ ಕುಗ್ಗುವ ಅಳತೆ. ಗೇಣುದ್ದದ ವಿಗ್ರಹಕ್ಕೂ ಆಳೆತ್ತರದ ವಿಗ್ರಹಕ್ಕೂ ಇದರಿಂದಲೇ ಹದ ಸಿಗುತ್ತದೆ. ಕಲ್ಲಿನ ಕೆಲಸಕ್ಕೆ ಬಂದಾಗ ಮೊದಲು ಅಂಚಿನ ಬಳ್ಳಿ, ಪೀಠದ ಎಸಳು. ಕೈ ಬೆರಳು, ಪಾದ ಮುಂದಿನ ಮಾತು. ಮುಖವನ್ನು ಗುರುವೇ ಇಟ್ಟುಕೊಳ್ಳುತ್ತಾರೆ, ಕಣ್ಣನ್ನಂತೂ ಇನ್ನೊಬ್ಬರಿಗೆ ಬಿಡುವುದೇ ಇಲ್ಲ.

ದೇವರಿಗೆ ಶಾಸ್ತ್ರದ ಲೆಕ್ಕವಿದೆ, ಸರ್ಕಲ್ಲಿನಲ್ಲಿ ನಿಲ್ಲುವ ಮನುಷ್ಯನಿಗೆ ಆ ಆಸರೆ ಇಲ್ಲ. ಇರುವುದು ಹಳೆಯ ಫೋಟೊಗಳು ಮತ್ತು ಅವರನ್ನು ಕಣ್ಣಾರೆ ಕಂಡವರ ನೆನಪು. ಮುಖ ಹೋಲದಿದ್ದರೆ ಊರೇ ಹೇಳುತ್ತದೆ. ಎತ್ತರದ ಪೀಠದ ಮೇಲಿನ ಮುಖ ಕೆಳಗೆ ನಿಂತವರಿಗೆ ಮೊಟಕಾಗಿ ಕಾಣುವುದರಿಂದ ಆ ನೋಟವನ್ನೂ ಮೊದಲೇ ಎಣಿಸಿ ಕೆತ್ತಬೇಕು. ಇದನ್ನು ಪುಸ್ತಕದಿಂದ ಕಲಿಯಲಾಗದು. ದೊಡ್ಡ ಕೆಲಸ ನಡೆಯುವಾಗ ಜೊತೆಯಲ್ಲಿದ್ದೇ ಕಲಿಯಬೇಕು. ಅರುಣ್ ಕೆತ್ತಿದ, 2021ರ ನವೆಂಬರಿನಲ್ಲಿ ಅನಾವರಣಗೊಂಡ ಕೇದಾರನಾಥದ 12 ಅಡಿಯ ಶಂಕರಾಚಾರ್ಯರು ರೂಪುಗೊಂಡದ್ದು ಮೈಸೂರಿನಲ್ಲಿ. ಅವರದೇ ಮತ್ತೊಂದು ಕೆಲಸವಾದ, ದೆಹಲಿಯ ಇಂಡಿಯಾ ಗೇಟಿನ ಬಳಿಯ 28 ಅಡಿಯ ನೇತಾಜಿ ಪ್ರತಿಮೆಗೆ ತಂದ ಕಪ್ಪು ಗ್ರಾನೈಟ್ ಬಂಡೆ 280 ಟನ್ ತೂಗುತ್ತಿತ್ತು. ಕೆತ್ತಿ ಮುಗಿದಾಗ ಉಳಿದದ್ದು 65 ಟನ್. ಇನ್ನೂರಕ್ಕೂ ಹೆಚ್ಚು ಟನ್ ಕಲ್ಲನ್ನು ಎಲ್ಲೂ ತಪ್ಪದೆ ತೆಗೆಯಲು ಒಂದು ತಂಡಕ್ಕೆ ತಂಡವೇ ಪಳಗಿರಬೇಕು.

ಬಾಲರಾಮನಲ್ಲಿ ಈ ಎರಡೂ ಬಗೆಯ ವಿದ್ಯೆಗಳು ಕೂಡಿವೆ. 51 ಇಂಚಿನ ಕೃಷ್ಣಶಿಲೆ, ಕಲ್ಲು ಮೈಸೂರು ಸೀಮೆಯದು. ದೇವರ ಗಾಂಭೀರ್ಯ ಇರಬೇಕು, ಐದು ವರ್ಷದ ಮಗುವಿನ ಕೆನ್ನೆಯೂ ಇರಬೇಕು. ಕಣ್ಣು ಬಿಡಿಸಲು ಬಳಸಿದ ಬೆಳ್ಳಿಯ ಸುತ್ತಿಗೆ, ಚಿನ್ನದ ಉಳಿಯ ಚಿತ್ರವನ್ನು ಅರುಣ್ ಆಮೇಲೆ ಹಂಚಿಕೊಂಡರು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಹತ್ಯಾರಗಳು. ತಿಂಗಳುಗಟ್ಟಲೆ ಕೆಲಸದ ಕೊನೆಯಲ್ಲಿ ಅವಕ್ಕೆ ಸಿಗುವುದು ಸ್ವಲ್ಪ ಹೊತ್ತು, ಆದರೆ ವಿಗ್ರಹ ನಮ್ಮನ್ನು ನೋಡತೊಡಗುವುದು ಆಗಲೇ.

ಇದೇ ಊರಿನ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಶಿಲ್ಪಕಲೆಯಲ್ಲಿ ಪದವಿ ಕೊಡುತ್ತದೆ. ಹೆಣ್ಣುಮಕ್ಕಳೂ ಅಲ್ಲಿ ಕಲಿಯುತ್ತಾರೆ. ಮನೆತನದ ಶಾಲೆಗಳ ಕಲ್ಲಿನ ಅನುಭವ, ಕಾಲೇಜಿನ ತೆರೆದ ಬಾಗಿಲು ಇವೆರಡೂ ಇನ್ನಷ್ಟು ಹತ್ತಿರ ಬರಬೇಕು ಎಂಬುದು ನನ್ನ ಆಸೆ. ದೊಡ್ಡ ಪ್ರತಿಮೆಗಳನ್ನು ಮಾಡಿಸುವ ಸರ್ಕಾರಗಳು ಗಡುವನ್ನು ಕೊಂಚ ಸಡಿಲ ಬಿಟ್ಟರೆ, ಕಲಿಯುವವರ ಕೈಗೂ ಹೆಚ್ಚು ಕಲ್ಲು ಸಿಕ್ಕೀತು.

ಇನ್ನೊಂದು ಕೆಲಸಕ್ಕೆ ಖರ್ಚೂ ಇಲ್ಲ. ಉದ್ಘಾಟನೆಯ ಫಲಕದಲ್ಲಿ ಗಣ್ಯರ ಹೆಸರಿನ ಕೆಳಗೆ ಶಿಲ್ಪಿಯ ಹೆಸರು, ಬಳ್ಳಿ ಪೀಠ ಕೆತ್ತಿದ ಶಿಷ್ಯರ ಹೆಸರುಗಳನ್ನೂ ಹಾಕಿಸಬಹುದು. ಮೈಸೂರಿಗೆ ಹತ್ತಿರದ ಸೋಮನಾಥಪುರದಲ್ಲಿ 13ನೇ ಶತಮಾನದ ಮಲ್ಲಿತಮ್ಮ ತಾನು ಕೆತ್ತಿದ ಮೂರ್ತಿಗಳ ಕೆಳಗೆ ಹೆಸರು ಬರೆದಿಟ್ಟಿದ್ದರಿಂದಲೇ ಅವು ಯಾರ ಕೆಲಸವೆಂದು ನಮಗೆ ಇಂದು ಗೊತ್ತಿದೆ.